ಸೆರಗಿನಲ್ಲಿ ಬಂದ ಚುಕ್ಕಿ

“ಅಜ್ಜಾರ, ಇಬ್ಬರೊಳಗ ತಪ್ಪು ಯಾರದು ಅಂತ ಗುರುತು ಹಿಡಿಯೋದು ಹೆಂಗ್ರಿ?” ಎಂದು ಸಂಗನಬಸವ ಕೇಳಿದ.

ಕೇಳಿದ್ದು ಪ್ರಶ್ನೆ ಹೌದು. ಆದರೆ ಉತ್ತರವನ್ನು ಅವನು ಬರುವಾಗಲೇ ಗಂಟು ಕಟ್ಟಿಕೊಂಡು ಬಂದಿದ್ದ. ಅಜ್ಜನವರಿಗೆ ಅದು ತಿಳಿಯದೆ ಹೋಗಲಿಲ್ಲ. ಸಂಗೀತ ಕಲಿಸುವ ಮಠದ ಗುರುಗಳು ಅವರು. ಯಾರ ದನಿ ಎಲ್ಲಿ ಅಳುಕುತ್ತದೆ, ಎಲ್ಲಿ ಬೇಕೆಂದೇ ಗಟ್ಟಿಯಾಗುತ್ತದೆ ಎಂಬುದು ಹಾಡಿನಲ್ಲಿ ತಿಳಿದಂತೆ ಮಾತಿನಲ್ಲೂ ಅವರಿಗೆ ತಿಳಿಯುತ್ತಿತ್ತು.

“ಯಾವ ಇಬ್ಬರು?” ಎಂದರು.

“ನಾನು, ಮತ್ತ ರಾಚಯ್ಯ.”

ಆ ಮಠದಲ್ಲಿ ಒಬ್ಬಂಟಿಯಾಗಿ ಹಾಡುವ ಪದ್ಧತಿ ಇರಲಿಲ್ಲ. ಬೆಳಗಿನ ಪೂಜೆಗೆ ವಚನ ಹಾಡುವವರು ಇಬ್ಬಿಬ್ಬರು. ಪಾಠವೂ ಜೋಡಿಯಲ್ಲಿ, ಅಭ್ಯಾಸವೂ ಜೋಡಿಯಲ್ಲಿ. ಜೋಡಿ ಮುರಿದರೆ ಒಬ್ಬನಿಗೆ ಬೇರೆ ಜೊತೆ ಸಿಗುತ್ತಿತ್ತು. ಇನ್ನೊಬ್ಬ ಬಟ್ಟೆ ಗಂಟು ಕಟ್ಟಿಕೊಂಡು ಊರಿಗೆ ಹೋಗಬೇಕಾಗುತ್ತಿತ್ತು. ಸಂಗನಬಸವ, ರಾಚಯ್ಯ ಇತ್ತೀಚೆಗೆ ಜೋಡಿಯಾದವರು. ಸಂಗನಬಸವನ ದನಿ ಚುರುಕು. ಅವನು ತಾನ ತೆಗೆದರೆ ಕಣ್ಣು ಮುಚ್ಚಿ ಕೂತವರೂ ಕಣ್ಣು ಬಿಡುತ್ತಿದ್ದರು. ರಾಚಯ್ಯನದು ತುಂಬಿದ ದನಿ, ನಿಧಾನದ್ದು. ಒಂದು ಸ್ವರದ ಮೇಲೆ ಕೂತರೆ ಅದಕ್ಕೆ ಏಳುವ ಮನಸ್ಸೇ ಇಲ್ಲವೇನೋ ಅನ್ನಿಸುತ್ತಿತ್ತು. ಅಜ್ಜನವರ ಮುಂದೆ ಬೇರೆ ಬೇರೆ ಹಾಡಿ ತೋರಿಸಿದರೆ ಇಬ್ಬರದೂ ಕಿವಿಗೆ ಹಬ್ಬ. ಕೂಡಿ ಹಾಡಿದರೆ ಎಲ್ಲೋ ಒಂದು ಕಡೆ ತಾಳ ತಪ್ಪುವುದು, ಪೂಜೆಗೆ ಬಂದವರು ಮುಖ ಮುಖ ನೋಡಿಕೊಳ್ಳುವುದು.

“ಅವ ನನ್ನ ಜೋಡಿ ಕೂತಾಗಿಂದ ಬರೇ ತಪ್ಪು, ಅಜ್ಜಾರ. ನಾ ಒಬ್ಬನ ಹಾಡಿದ್ರ ಒಂದೂ ತಪ್ಪಂಗಿಲ್ಲ. ನೀವ ಕೇಳೀರಿ. ನನಗ ಬ್ಯಾರೆ ಜೋಡಿ ಕೊಡ್ರಿ.”

“ರಾಚಯ್ಯ ಒಬ್ಬನ ಹಾಡಿದ್ರ?”

ಸಂಗನಬಸವ ತುಸು ತಡೆದು, “ಆಗೂ ತಪ್ಪಂಗಿಲ್ಲ ಬಿಡ್ರಿ” ಎಂದ. ಜಂಬ ಇತ್ತು, ಸುಳ್ಳು ಹೇಳುವ ಬುದ್ಧಿ ಇರಲಿಲ್ಲ.

“ಊರಿಗೆ ಹೋದ್ರ ಅವ ಏನ್ ಮಾಡ್ತಾನ?”

“ಅವರಪ್ಪಂದು ಕಿರಾಣಿ ಅಂಗಡಿ ಐತ್ರಿ. ಅಲ್ಲಿ ಕೂಡ್ತಾನ.” ಸ್ವಲ್ಪ ಸಣ್ಣ ದನಿಯಲ್ಲಿ, “ಹಾಡೋದು ಬಿಡ್ತಾನ” ಎಂದೂ ಸೇರಿಸಿದ.

ಅಜ್ಜನವರು ಗೋಡೆಗೆ ಒರಗಿ ಕೂತರು. ಅವರಿಗೆ ಸಂಗೀತ ಬಿಟ್ಟರೆ ಇನ್ನೊಂದೇ ಹುಚ್ಚು, ಕೆಟ್ಟ ಯಂತ್ರವನ್ನು ಬಲ್ಲವರು ಬಿಚ್ಚಿ ಸರಿಮಾಡುವುದನ್ನು ನೋಡುವುದು. ಮಠದ ನೀರಿನ ಪಂಪು ಕೆಟ್ಟರೆ ಭಕ್ತರನ್ನು ಕಾಯಿಸಿ ಮೆಕ್ಯಾನಿಕ್ಕನ ಪಕ್ಕ ಕೂರುವರು. ಹಾಗಾಗಿ ಅವರ ದೃಷ್ಟಾಂತಗಳಲ್ಲಿ ರಾಜರೂ ಋಷಿಗಳೂ ಅಪರೂಪ. ಬರುವವರೆಲ್ಲ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದವರು. ಶಿಷ್ಯರು ಹಿಂದಿನಿಂದ ಇದನ್ನು ಆಡಿಕೊಂಡು ನಗುತ್ತಿದ್ದರು, ಕತೆ ಶುರುವಾದರೆ ಮಾತ್ರ ಯಾರೂ ಎದ್ದು ಹೋಗುತ್ತಿರಲಿಲ್ಲ.

“ಹಂಗಾರ ಕೇಳು” ಎಂದರು. ಅವರು ಹೇಳಿದ ಕತೆ ಇದು.

ಮಗ್ಗಗಳ ಒಂದು ಊರು. ಅಲ್ಲೊಬ್ಬ ಸೀರೆ ಸಾಹುಕಾರ. ಅವನ ಹತ್ತಿರ ಒಬ್ಬ ನಕ್ಷೆಗಾರ.

ನಕ್ಷೆಗಾರನ ಕೆಲಸ ಸೀರೆಯ ಅಂಚು, ಸೆರಗು ಹೇಗಿರಬೇಕೆಂದು ಬರೆಯುವುದು. ಹಿಂದೆ ಚೌಕುಳಿ ಕಾಗದದ ಮೇಲೆ ಚುಕ್ಕಿ ಇಟ್ಟು ಬರೆಯುತ್ತಿದ್ದ. ಆಮೇಲೆ ಕಂಪ್ಯೂಟರ್ ಬಂತು. ಅದರ ಪರದೆಯ ಮೇಲೂ ಚೌಕುಳಿಗಳೇ. ಒಂದು ಚೌಕುಳಿ ಎಂದರೆ ಒಂದು ಎಳೆ. ಅವನು ಇಟ್ಟ ಚುಕ್ಕಿಗಳಂತೆ ಇನ್ನೊಂದು ಯಂತ್ರ ರಟ್ಟಿನಲ್ಲಿ ತೂತು ಹೊಡೆಯುತ್ತಿತ್ತು. ರಟ್ಟಿನ ತೂತುಗಳಂತೆ ಮಗ್ಗ ಎಳೆ ಎತ್ತುತ್ತಿತ್ತು. ಮಗ್ಗಕ್ಕೆ ಸ್ವಂತ ಬುದ್ಧಿ ಇಲ್ಲ. ನಕ್ಷೆಯಲ್ಲಿ ಒಂದು ಚುಕ್ಕಿ ತಪ್ಪಿ ಬಿದ್ದರೆ ಆ ತಪ್ಪನ್ನೇ ಅದು ಸೀರೆ ಸೀರೆಯಲ್ಲೂ ಶ್ರದ್ಧೆಯಿಂದ ನೇಯುತ್ತದೆ.

ಈ ನಕ್ಷೆಗಾರ ಚುಕ್ಕಿ ತಪ್ಪುವವನಲ್ಲ. ಪರವೂರಿನ ವ್ಯಾಪಾರಿಗಳು ಸೀರೆ ಬಿಡಿಸಿ, ಸೆರಗನ್ನು ಬೆಳಕಿಗೆ ಹಿಡಿದು, ಇದು ಆತನ ಕೈಯದೇ ಅಲ್ಲವೇ ಎಂದು ಕೇಳುತ್ತಿದ್ದರು. ಹೌದೆನ್ನುವಾಗ ಸಾಹುಕಾರನ ಮುಖ ಅರಳುತ್ತಿತ್ತು. ಅವನು ಜಿಪುಣನಲ್ಲ, ಕೆಟ್ಟವನೂ ಅಲ್ಲ. ನಕ್ಷೆಗಾರನೆಂದರೆ ಜೀವ. ಅವನಲ್ಲಿ ಇದ್ದದ್ದು ಒಂದೇ ಕೊರತೆ. ಒಂದು ಕಡೆ ಕಣ್ಣಾರೆ ಕಂಡದ್ದನ್ನು ಲೋಕದ ಎಲ್ಲ ಕಡೆಗೂ ಅಂಟಿಸಿಬಿಡುತ್ತಿದ್ದ.

ಸೆರಗಿನ ನಕ್ಷೆ ದೊಡ್ಡದು. ಅದನ್ನು ತೆರೆದರೆ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಬೇಕಾದರೆ ನಕ್ಷೆಗಾರ ಎಲೆ ಅಡಿಕೆ ಹಾಕಿಕೊಂಡು ಬರಬಹುದಿತ್ತು. ಸಾಹುಕಾರ ಇದನ್ನು ನೋಡಿ ಮರುಗಿದ. ಬಲ್ಲವರನ್ನು ಕೇಳಿದಾಗ, ರ‍್ಯಾಮ್ ಕಡಿಮೆ ಇದೆ, ಇನ್ನೊಂದು ಹಾಕಿಸಿ ಎಂದರು.

ರ‍್ಯಾಮ್ ಎಂದರೆ ಒಂದು ಪಟ್ಟಿ. ಗೇಣಿಗಿಂತ ಚಿಕ್ಕದು, ಹಸಿರು ಬಣ್ಣದ್ದು, ಒಂದು ಅಂಚಿಗೆ ಬಂಗಾರದ ಬಣ್ಣದ ಹಲ್ಲುಗಳು. ಕಂಪ್ಯೂಟರಿನ ಒಳಗೆ ಒಂದು ಸಂದಿಯಲ್ಲಿ ನೆಟ್ಟಗೆ ಕೂತಿರುತ್ತದೆ. ಹೂ ಕಟ್ಟುವವಳು ಬುಟ್ಟಿಯಿಂದ ಹೂ ತೆಗೆದು ಮಡಿಲಲ್ಲಿ ಹರಡಿಕೊಳ್ಳುವುದಿಲ್ಲವೇ? ಕಂಪ್ಯೂಟರ್ ತಾನು ಮಾಡುತ್ತಿರುವ ಕೆಲಸವನ್ನು ಹಾಗೆ ಹರಡಿಕೊಳ್ಳುವುದು ಈ ಪಟ್ಟಿಯ ಮೇಲೆ. ಮಡಿಲು ಸಣ್ಣದಾದರೆ ಕೆಲಸ ಕುಂಟುತ್ತದೆ.

ಸಾಹುಕಾರ ಪೇಟೆಗೆ ಹೋಗಿ ಅಂಗಡಿಯಲ್ಲಿದ್ದವುಗಳಲ್ಲೇ ಅತಿ ಜೋರಾದ ಪಟ್ಟಿ ತಂದ. ಕೂರಿಸಲು ಬಂದ ಅಂಗಡಿಯವನು ಒಂದು ಮಾತು ಹೇಳಿದ. ಒಳಗಿರುವ ಪಟ್ಟಿ ಹಳೆಯದು, ಅದರ ನಡೆ ನಿಧಾನ. ಎರಡನ್ನೂ ಜೋಡಿ ಹಾಕಿದರೆ ಯಂತ್ರ ತಾನಾಗಿಯೇ ಹಳೆಯದರ ನಡೆಗೆ ಇಳಿದು ನಡೆಯುತ್ತದೆ, ಅದನ್ನು ಹಾಗೇ ಬಿಡುವುದು ಒಳ್ಳೆಯದು ಎಂದ.

ಸಾಹುಕಾರನಿಗೆ ಈ ಮಾತು ಹಿಡಿಸಲಿಲ್ಲ. ಅವನ ಮಗ್ಗದ ಶೆಡ್ಡಿನಲ್ಲಿ ಒಂದು ಮೋಟರು, ಅದಕ್ಕೆ ಉದ್ದನೆಯ ಒಂದು ಶಾಫ್ಟು, ಶಾಫ್ಟಿಗೆ ಬೆಲ್ಟು ಹಾಕಿದ ಸಾಲು ಮಗ್ಗಗಳು ಇದ್ದವು. ಒಮ್ಮೆ ಹಳೆಯ ಮೋಟರು ತೆಗೆದು ಜೋರಾದದ್ದು ಹಾಕಿಸಿದಾಗ ಹಳೆಯ ಮಗ್ಗ, ಹೊಸ ಮಗ್ಗ ಎಲ್ಲವೂ ಒಂದೇ ಸಮನೆ ಜೋರಾಗಿ ಓಡಿದ್ದನ್ನು ಅವನು ನೋಡಿದ್ದ. ಇದ್ದವರಲ್ಲಿ ಬಲವಾದವನು ಎಳೆದಂತೆ ಉಳಿದವರು ನಡೆಯುತ್ತಾರೆ, ಅದೇ ಯಂತ್ರದ ಧರ್ಮ ಎಂದು ಅಂದೇ ತೀರ್ಮಾನಿಸಿಬಿಟ್ಟಿದ್ದ.

“ಹೊಸಾದು ತಂದೀನಿ, ಹೊಸಾದರ ಓಟ ಓಡಬೇಕು. ಹಳೇದು ಹಿಂದಿಂದ ತಾನ ಬರತೈತಿ” ಎಂದು ಪಟ್ಟು ಹಿಡಿದ. ಅಂಗಡಿಯವನು ಗಿರಾಕಿಯ ಜೊತೆ ಎಷ್ಟೆಂದು ವಾದ ಮಾಡಿಯಾನು? ಕಂಪ್ಯೂಟರಿನ ಒಳಗಿನ ಸೆಟ್ಟಿಂಗ್ ತೆರೆದು ಹೊಸ ಪಟ್ಟಿಯ ವೇಗವನ್ನೇ ಎರಡಕ್ಕೂ ಕಟ್ಟಿ ಹೋದ.

ಮೊದಮೊದಲು ಎಲ್ಲರಿಗೂ ಖುಷಿ. ಸೆರಗು ಗಾಳಿಯಂತೆ ತೆರೆಯಿತು. ಆಮೇಲೆ ಕಂಪ್ಯೂಟರ್ ನಡುನಡುವೆ ಬಿಗಿದುಕೊಂಡು ನಿಲ್ಲತೊಡಗಿತು. ಒಮ್ಮೊಮ್ಮೆ ಪರದೆ ಪೂರಾ ನೀಲಿಯಾಗಿ, ಓದಲು ಬಾರದ ಏನೇನೋ ಬರೆದು, ತಾನೇ ಆರಿ ಹೊತ್ತಿಕೊಳ್ಳುವುದು. ಇದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕರೆಂಟಿನ ಆಟ ಎಂದುಕೊಂಡರು.

ಒಂದು ದಿನ ಮದುವೆಯ ಸೀರೆಗಳ ಸೆರಗಿನಲ್ಲಿ ಚುಕ್ಕಿ ಬಂತು. ಕೆಂಪು ಸೆರಗಿನ ಬಿಳಿ ತೆನೆಯ ಚಿತ್ತಾರದ ಪಕ್ಕದಲ್ಲಿ, ಇರಬಾರದ ಕಡೆ ಒಂದು ಬಿಳಿ ಚುಕ್ಕಿ. ಮಗ್ಗ ಅದನ್ನು ಎಲ್ಲ ಸೀರೆಗಳಲ್ಲೂ ಚಾಚೂ ತಪ್ಪದೆ ನೇಯ್ದಿತ್ತು. ಸಾಹುಕಾರ ನಕ್ಷೆಗಾರನನ್ನು ಕರೆದು ತೋರಿಸಿದ. ನಕ್ಷೆಗಾರ ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ನೋಡಿದರೆ ಅಲ್ಲಿಯೂ ಚುಕ್ಕಿ ಇತ್ತು. ತಾನು ಅದನ್ನು ಇಟ್ಟ ನೆನಪಿಲ್ಲ. ಆದರೆ ಆ ಕಂಪ್ಯೂಟರನ್ನು ಮುಟ್ಟುವವನು ತಾನೊಬ್ಬನೇ. ಹಾಗಾದರೆ ಇಟ್ಟವರು ಇನ್ಯಾರು?

“ಕಣ್ಣು ತೋರಿಸ್ಕೊಂಡು ಬಾರಪಾ” ಎಂದ ಸಾಹುಕಾರ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಕ್ಷೆಗಾರ ಕನ್ನಡಕ ಹಾಕಿಸಿಕೊಂಡು ಬಂದ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಒಂದು ಅಂಚು ಬರೆದ. ಮುಚ್ಚುವ ಮುನ್ನ ಸಾಲು ಸಾಲು ನೋಡಿದ, ಎಲ್ಲ ಸರಿ ಇತ್ತು. ಮರುದಿನ ತೆರೆದರೆ ಬೇರೆ ಯಾವುದೋ ಜಾಗದಲ್ಲಿ ಚುಕ್ಕಿ. ಅವನು ಯಾರಿಗೂ ಹೇಳದೆ ಅದನ್ನು ಒರೆಸಿದ. ಇನ್ನೊಂದು ದಿನ ಇನ್ನೊಂದು ಕಡೆ ಬಂತು. ಕದ್ದವನಂತೆ ಅದನ್ನೂ ಒರೆಸಿದ. ತನ್ನ ತಲೆ ಕೆಡುತ್ತಿದೆ ಎಂದು ಅವನಿಗೆ ಗಟ್ಟಿಯಾಗಿ ಅನ್ನಿಸಿತು. ಬೆಳಿಗ್ಗೆ ಹೆಂಡತಿ ಅಂಗಳದಲ್ಲಿ ರಂಗೋಲಿ ಹಾಕುವಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಎಣಿಸುವನು. ಲೆಕ್ಕ ಸರಿಯಾದರೂ ನಂಬಿಕೆ ಬಾರದೆ ಅವಳಿಂದ ಇನ್ನೊಮ್ಮೆ ಎಣಿಕೆ ಮಾಡಿಸುವನು. ಅವಳು ಮೊದಲು ನಕ್ಕಳು. ಆಮೇಲೆ ಅವನ ಮುಖ ನೋಡಿ ನಗುವುದನ್ನು ಬಿಟ್ಟಳು.

ಮತ್ತೊಂದು ಬಾರಿ ಸೀರೆಗಳು ಕೆಟ್ಟ ಮೇಲೆ ಸಾಹುಕಾರ ಅವನ ಹೆಗಲ ಮೇಲೆ ಕೈ ಹಾಕಿ, ಇನ್ನು ಮುಂದೆ ಸೀರೆ ಮಡಿಚುವ ಕಡೆ ನೋಡಿಕೋ, ಕಂಪ್ಯೂಟರಿಗೆ ಬೇರೆ ಒಬ್ಬನನ್ನು ಗೊತ್ತು ಮಾಡುತ್ತೇನೆ, ನಿನ್ನ ಮರ್ಯಾದೆಗೆ ಕುಂದು ಬರುವುದಿಲ್ಲ ಎಂದ. ನಕ್ಷೆಗಾರ ಹೂಂ ಎಂದ. ಜೀವನವೆಲ್ಲ ಸೆರಗು ಬರೆದವನು ಬೇರೆಯವರು ಬರೆದ ಸೆರಗು ಮಡಿಚಬೇಕು. ಅದಕ್ಕಿಂತ ಹೆಚ್ಚಾಗಿ, ತನ್ನ ಕೈ ತನಗೆ ಮೋಸ ಮಾಡಿತು ಎಂದುಕೊಂಡೇ ಉಳಿದ ಆಯುಷ್ಯ ಕಳೆಯಬೇಕು.

ಇಲ್ಲಿಗೆ ಬಂದಾಗ ಸಂಗನಬಸವ ಬಾಯಿ ಹಾಕಿದ. “ಹಳೇ ಪಟ್ಟಿ ಕಿತ್ತಿ ಒಗದ್ರ ಮುಗೀತಲ್ರಿ, ಅಜ್ಜಾರ.”

“ನೀ ಸಾವಕಾರನ ಕಡಿಯವ ಅಂತ ಗೊತ್ತೈತಿ. ಸುಮ್ಮನ ಕೇಳು” ಎಂದರು ಅಜ್ಜನವರು. ಕತೆ ಮುಂದುವರಿಯಿತು.

ಹೊಸಬನು ಬರುವ ಮುಂಚೆಯೇ ಕಂಪ್ಯೂಟರ್ ಪೂರ್ತಿ ಕೈಕೊಟ್ಟಿತು. ಗುಂಡಿ ಒತ್ತಿದರೆ ಪರದೆ ಕಪ್ಪು. ಒಳಗಿನಿಂದ ಪೀಂ ಪೀಂ ಎಂಬ ಕೂಗು ಮಾತ್ರ. ಸಾಹುಕಾರ ರಿಪೇರಿಯವಳಿಗೆ ಹೇಳಿ ಕಳಿಸಿದ.

ಆ ಊರಲ್ಲಿ ರಿಪೇರಿಯವಳೆಂದರೆ ಸಣ್ಣ ಹೆಸರಲ್ಲ. ಡಾಕ್ಟರಿಗೆ ಕಾಯುವಂತೆ ಅವಳಿಗೆ ಕಾಯುತ್ತಿದ್ದರು. ಬಾಯಿ ಜೋರು, ನಗು ಇನ್ನೂ ಜೋರು. ಕೆಲಸದ ಮುಂದೆ ಕೂತಳೆಂದರೆ ಬೇರೆಯೇ ಹೆಂಗಸು. ಅವಸರವಿಲ್ಲ, ಊಹೆಯಿಲ್ಲ, ಕಾಣದ್ದನ್ನು ಕಂಡೆ ಎನ್ನುವ ಮಾತಿಲ್ಲ. ಇಂಥವರನ್ನು ನೋಡುವುದಕ್ಕೇ ಒಂದು ಪುಣ್ಯ ಬೇಕು.

ಅವಳು ಬಂದವಳೇ ಕಂಪ್ಯೂಟರನ್ನು ಮುಟ್ಟಲಿಲ್ಲ. “ಇದು ಯಾವಾಗಿಂದ ಹಿಂಗ ಮಾಡಾಕತ್ತೈತಿ? ಅದಕ್ಕಿಂತ ಮೊದಲ ಏನು ಬದಲಿ ಮಾಡಿದ್ರಿ?” ಎಂದು ಕೇಳಿದಳು.

ಏನೂ ಬದಲಿಲ್ಲ ಎಂದ ಸಾಹುಕಾರ. ತಾನು ಪ್ರೀತಿಯಿಂದ ಕೊಟ್ಟದ್ದು ಅವನ ಲೆಕ್ಕದಲ್ಲಿ ಬದಲಿಗೆ ಸೇರಿರಲಿಲ್ಲ. ನಕ್ಷೆಗಾರ ಮೂಲೆಯಿಂದಲೇ, ಹೊಸ ಪಟ್ಟಿ ಹಾಕಿಸಿದ ಮೇಲೆ ಎಂದು ಮೆಲ್ಲಗೆ ಹೇಳಿದ. ಚುಕ್ಕಿಯ ಸಂಗತಿಯನ್ನೂ ಹೇಳಿದ. ಸಾಹುಕಾರ, ಚುಕ್ಕಿ ಬೇರೆ, ಇದು ಬೇರೆ, ಅದು ಅವನ ಕಣ್ಣಿನದು ಎಂದ. ರಿಪೇರಿಯವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಕರೆಂಟು ತೆಗೆದು, ಮೈಯಲ್ಲಿನ ವಿದ್ಯುತ್ತು ಇಳಿಯಲೆಂದು ಪೆಟ್ಟಿಗೆಯ ಕಬ್ಬಿಣ ಮುಟ್ಟಿ, ಎರಡೂ ಪಟ್ಟಿಗಳನ್ನು ಹೊರಗೆ ತೆಗೆದಳು. ಅವುಗಳ ಬಂಗಾರದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿದಳು. ಮೊದಲು ಹಳೆಯದನ್ನು ಮಾತ್ರ ಕೂರಿಸಿ, ಎರಡೂ ತುದಿಯಲ್ಲಿ ಟಕ್ ಎನ್ನುವವರೆಗೆ ಒತ್ತಿದಳು. ಸಾಹುಕಾರ ಕಟ್ಟಿಸಿದ್ದ ವೇಗವನ್ನು ಬಿಡಿಸಿ ಅದಕ್ಕೆ ಅದರದೇ ನಡೆ ಕೊಟ್ಟಳು. ಕಂಪ್ಯೂಟರ್ ಎದ್ದು ಕೂತಿತು.

“ಸರಿ ಆತಲ್ಲ!” ಎಂದ ಸಾಹುಕಾರ.

ಎದ್ದಿದೆ, ಸರಿಯಾಗಿದೆಯೋ ಇಲ್ಲವೋ ಗೊತ್ತಿಲ್ಲ ಎಂದಳು. ಅವಳ ಪೆನ್‌ಡ್ರೈವಿನಲ್ಲಿ ರ‍್ಯಾಮ್ ಪರೀಕ್ಷೆ ಮಾಡುವ ಒಂದು ಪ್ರೋಗ್ರಾಮ್ ಇತ್ತು. ಅದು ಪಟ್ಟಿಯೊಳಗಿನ ಚೌಕುಳಿಯಂಥ ಮನೆ ಮನೆಗೂ ಹೋಗಿ ಏನಾದರೊಂದು ಬರೆದು ಬರುತ್ತದೆ, ಮತ್ತೆ ಹೋಗಿ ಓದುತ್ತದೆ. ಬರೆದದ್ದೇ ಓದಿದರೆ ಸರಿ. ಬೇರೆ ಓದಿದರೆ ಪರದೆಯ ಮೇಲೆ ಕೆಂಪು ಸಾಲು. ಮನೆಗಳು ಲೆಕ್ಕವಿಲ್ಲದಷ್ಟು. ಮುಗಿಯಲು ಹೊತ್ತು ಹಿಡಿಯುತ್ತದೆ. ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಸಾಹುಕಾರ ಮಗ್ಗದ ಕಡೆ ಹೋಗಿ ಬಂದ, ಚಹಾ ತರಿಸಿದ, ಇನ್ನೂ ಆಗಲಿಲ್ಲವೇ ಎಂದ. ಆಗಿಲ್ಲ ಎಂದಳು. ಕೊನೆಗೆ ಮುಗಿಯಿತು. ಒಂದೂ ಕೆಂಪು ಸಾಲಿಲ್ಲ. ಹಳೆಯ ಪಟ್ಟಿ ಚೊಕ್ಕ.

“ಹಂಗಾರ ಹೊಸಾದ ಕೆಟ್ಟೈತಿ!” ಎಂದ ಸಾಹುಕಾರ. ಅವನ ಮುಖ ಸಣ್ಣದಾಯಿತು.

ಅವಳು ಹಳೆಯದನ್ನು ತೆಗೆದು, ಹೊಸದನ್ನು ಅದೇ ಸಂದಿಯಲ್ಲಿ ಕೂರಿಸಿ, ಅದಕ್ಕೂ ಅದರದೇ ನಡೆ ಕೊಟ್ಟು, ಅಷ್ಟೇ ಹೊತ್ತು ಕಾದಳು. ಹೊಸದೂ ಚೊಕ್ಕ. ಹಾಗಾದರೆ ಪಕ್ಕದ ಸಂದಿ ಕೆಟ್ಟಿರಬೇಕು ಎಂದ ಸಾಹುಕಾರ. ಆ ಸಂದಿಯಲ್ಲೂ ಎರಡನ್ನೂ ಒಂದಾದ ಮೇಲೊಂದು ಕೂರಿಸಿ ನೋಡಿದಳು. ಸಂದಿಯೂ ಚೊಕ್ಕ. ಸಾಹುಕಾರನಿಗೆ ತಾಳ್ಮೆ ತಪ್ಪಿತು. ಅದನ್ನೂ ಇದನ್ನೂ ಒಟ್ಟಿಗೆ ಬದಲಿ ಮಾಡಿ ಮುಗಿಸಬಾರದೇ ಎಂದ.

“ಒಮ್ಮೆಗೆ ಒಂದ ಬದಲಿ ಮಾಡಬೇಕ್ರಿ, ಸಾವಕಾರ್ರ. ಎರಡು ಕೂಡೇ ಬದಲಿ ಮಾಡಿದ್ರ ಸರಿ ಆದರೂ ಯಾಕ ಸರಿ ಆತು ಅಂತ ತಿಳಿಯಂಗಿಲ್ಲ. ಸುಮ್ಮನ ಯಾರದೋ ಮ್ಯಾಲ ತಪ್ಪು ಹಾಕಿ ಮನಿಗೆ ಹೋಗಬೇಕಾಗತೈತಿ” ಎಂದಳು.

ಮಾತು ಅವಳು ಪಟ್ಟಿಯ ಬಗ್ಗೆ ಆಡಿದ್ದು. ಮೂಲೆಯಲ್ಲಿದ್ದ ನಕ್ಷೆಗಾರ ಕತ್ತೆತ್ತಿ ನೋಡಿದ.

ಆಮೇಲೆ ಅವಳು ಎರಡೂ ಪಟ್ಟಿಗಳನ್ನು ಜೊತೆಗೆ ಕೂರಿಸಿ, ಸಾಹುಕಾರ ಮೊದಲು ಕಟ್ಟಿಸಿದ್ದ ವೇಗವನ್ನೇ ಮತ್ತೆ ಕಟ್ಟಿದಳು. ಪುಣ್ಯಕ್ಕೆ ಕಂಪ್ಯೂಟರ್ ಎದ್ದಿತು. ಪರೀಕ್ಷೆ ಶುರು ಮಾಡಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕೆಂಪು ಸಾಲು ಬಿತ್ತು. ಅದರ ಕೆಳಗೆ ಇನ್ನೊಂದು.

“ಕಾಕಾ, ಇಲ್ಲಿ ಬರ್ರಿ” ಎಂದು ನಕ್ಷೆಗಾರನನ್ನು ಹತ್ತಿರ ಕರೆದಳು. ಸಾಲಿನ ಮೇಲೆ ಬೆರಳಿಟ್ಟು, ಇದು ಯಂತ್ರ ಬರೆದದ್ದು, ಇದು ಯಂತ್ರ ಓದಿದ್ದು ಎಂದು ತೋರಿಸಿದಳು. ಎರಡೂ ಒಂದೇ ಥರ ಇದ್ದವು, ಒಂದೇ ಒಂದು ಜಾಗ ಬಿಟ್ಟು. ನಕ್ಷೆಗಾರ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಎಳೆ ಎಳೆ ನೋಡಿ ಬದುಕಿದವನಿಗೆ ಆ ಒಂದು ಜಾಗ ಕಾಣಲು ಹೊತ್ತು ಬೇಕಾಗಲಿಲ್ಲ.

“ಇದು ನನ್ನ ಚುಕ್ಕಿ” ಎಂದ. “ಯವ್ವಾ, ಇದು ನನ್ನ ಚುಕ್ಕಿ. ನಾ ಇಟ್ಟಿದ್ದಲ್ಲ ಇದು.”

ಅಷ್ಟು ದಿನ ತಡೆದಿಟ್ಟದ್ದೆಲ್ಲ ಆಗ ಒಡೆಯಿತು. ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಹಿಡಿದು ಅತ್ತ. ಸಾಹುಕಾರ ಅವನ ಕಡೆ ನೋಡಲಾರದೆ ಕಿಟಕಿಯ ಕಡೆ ತಿರುಗಿ ನಿಂತ.

ಎಷ್ಟು ಹೊತ್ತೆಂದು ಹಾಗೆ ನಿಂತಾನು? ತಿರುಗಿ, ಇಷ್ಟಕ್ಕೆಲ್ಲ ಕಾರಣವಾದ ಪಟ್ಟಿ ಯಾವುದೆಂದು ಹೇಳು, ಈಗಲೇ ತಿಪ್ಪೆಗೆ ಎಸೆಯುತ್ತೇನೆ ಎಂದು ಕೂಗಾಡಿದ. ಅದು ಹಳೆಯದೇ ಇರಬೇಕು ಎಂದೂ ತಾನೇ ಹೇಳಿದ. ರಿಪೇರಿಯವಳು, ಎರಡೂ ಚೊಕ್ಕ ಇವೆ, ನಿಮ್ಮ ಎದುರಿಗೇ ನೋಡಿದ್ದೇನೆ, ಒಂದರ ಮೇಲೂ ನನ್ನ ಬಾಯಿಂದ ತಪ್ಪು ಬರುವುದಿಲ್ಲ ಎಂದಳು. ಇವು ಎರಡು ಒಳ್ಳೆಯ ಪಟ್ಟಿಗಳು. ಒಂದು ಓಡುವುದು, ಇನ್ನೊಂದು ನಡೆಯುವುದು. ಎರಡನ್ನೂ ಕಟ್ಟಿ ಓಡಿಸಿದ್ದೀರಿ. ಹಳೆಯದು ಶಕ್ತಿ ಮೀರಿ ಓಡಿದೆ. ಓಡುವಾಗ ಎಲ್ಲೋ ಒಂದು ಚುಕ್ಕಿ ಕೈಜಾರಿದೆ. ಅದರ ತಪ್ಪೇನು?

ಸಾಹುಕಾರ ಶಾಫ್ಟಿನ ಸಂಗತಿ ತೆಗೆದ. ಜೋರಾದ ಮೋಟರು ಹಾಕಿದರೆ ಎಲ್ಲ ಮಗ್ಗವೂ ಜೋರಾಗಿ ಓಡುವುದಿಲ್ಲವೇ ಎಂದ. ಅವಳು ಮನಸಾರೆ ನಕ್ಕಳು. ಮಗ್ಗಕ್ಕೆ ಎಳೆಯುವವರು ಬೇಕು, ಇಲ್ಲಿ ಯಾರೂ ಯಾರನ್ನೂ ಎಳೆಯುವುದಿಲ್ಲ, ಇಬ್ಬರೂ ಕೂಡಿ ಹೊರುತ್ತಾರೆ ಎಂದಳು. ಹೊಸದೊಂದೇ ಸಾಕಲ್ಲ ಎಂದದ್ದಕ್ಕೆ, ಅದನ್ನೊಂದನ್ನೇ ಕೂರಿಸಿ ದೊಡ್ಡ ಸೆರಗಿನ ನಕ್ಷೆ ತೆರೆದು ತೋರಿಸಿದಳು. ಕಂಪ್ಯೂಟರ್ ಮತ್ತೆ ಏದುಸಿರು ಬಿಟ್ಟಿತು. ಹೊಸದು ಎಷ್ಟೇ ಜೋರಿದ್ದರೂ ಒಂದು ಮಡಿಲಿನಲ್ಲಿ ಅಷ್ಟು ದೊಡ್ಡ ಸೆರಗು ಹಿಡಿಸಲಿಲ್ಲ.

ಅವಳು ಎರಡನ್ನೂ ಮತ್ತೆ ಜೊತೆಗೆ ಕೂರಿಸಿದಳು. ಸೆಟ್ಟಿಂಗ್ ತೆರೆದು ವೇಗವನ್ನು ಹಳೆಯದರ ನಡೆಗೆ ಇಳಿಸಿದಳು. ಬೇರೆ ಏನನ್ನೂ ಮುಟ್ಟಲಿಲ್ಲ. ಪರೀಕ್ಷೆ ಶುರು ಮಾಡಿ ಕೂತಳು. ಈ ಸಲ ಸಾಹುಕಾರನೂ ಕೆಳಗೆ ಕೂತ. ಶೆಡ್ಡಿನಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಮೂವರೂ ಪರದೆ ನೋಡಿದರು. ಪರೀಕ್ಷೆ ಕೊನೆ ಮುಟ್ಟಿತು. ಒಂದೂ ಕೆಂಪು ಸಾಲು ಬರಲಿಲ್ಲ.

ನಕ್ಷೆಗಾರ ಕುರ್ಚಿಯ ಮೇಲೆ ಕೂತ. ಸೆರಗಿನ ಒಂದು ತೆನೆ ಬರೆದ. ಉಳಿಸಿ ಮುಚ್ಚಿ ಮತ್ತೆ ತೆರೆದ. ಚುಕ್ಕಿ ಇಲ್ಲ. ಮತ್ತೆ ಮುಚ್ಚಿ ತೆರೆದ. ಇಲ್ಲ. ಹಾಗೆ ಎಷ್ಟು ಸಲ ಮಾಡಿದನೋ, ಯಾರೂ ಸಾಕೆನ್ನಲಿಲ್ಲ. ಸಾಹುಕಾರ ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಕೈ ಹಾಕಿ, “ನಿನ್ನ ಕಣ್ಣು ಅಂದೆನಲ್ಲೋ, ಮಾರಾಯ” ಎಂದ. ನಕ್ಷೆಗಾರ ಆ ಕುರ್ಚಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಸೀರೆ ಮಡಿಚಲು ಬೇರೆಯವರನ್ನು ನೋಡಿಕೊಂಡರು.

ಅಜ್ಜನವರು ಕತೆ ನಿಲ್ಲಿಸಿದರು. ಹೇಳುತ್ತ ಹೇಳುತ್ತ ಅವರ ಕಣ್ಣುಗಳೂ ಒದ್ದೆಯಾಗಿದ್ದವು. “ಆ ರಿಪೇರಿ ಮಾಡೋ ಹೆಣ್ಣುಮಗಳನ್ನ ನೆನೆಸಿದ್ರ ಕೈ ಮುಗೀಬೇಕು ಅನಸ್ತೈತಿ, ತಮ್ಮಾ. ಎಲ್ಲಾರೂ ಕಳ್ಳನ್ನ ಹುಡುಕಾಕತ್ತಿದ್ರು. ಆಕಿ ಕಳ್ಳನ ಇಲ್ಲ ಅಂತ ತೋರಿಸಿ ಎದ್ದು ಹೋದಳು” ಎಂದರು.

ಸಂಗನಬಸವ ನೆಲ ನೋಡುತ್ತ ಕೂತಿದ್ದ. ಅವನಿಗೆ ಕತೆ ಅರ್ಥವಾಗಿತ್ತು, ಅರ್ಥವಾದದ್ದೇ ಕಷ್ಟವಾಗಿತ್ತು. ರಾಚಯ್ಯ ತಾಳ ತಪ್ಪಿದ ಜಾಗಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಎಲ್ಲವೂ ತಾನು ಓಟ ಕಿತ್ತ ಜಾಗಗಳೇ. ಪೂಜೆಗೆ ಬಂದವರು ತಲೆದೂಗಲೆಂದು ತಾನು ಮುಂದೆ ಹೋದಾಗ ಪಕ್ಕದಲ್ಲಿ ರಾಚಯ್ಯ ಉಸಿರು ಕಟ್ಟಿ ಹಿಂದಿನಿಂದ ಬರುತ್ತಿದ್ದ. ಒಮ್ಮೆಯೂ ನಿಧಾನ ಹಾಡು ಎಂದು ಕೇಳಿರಲಿಲ್ಲ. ಸಂಗನಬಸವನಿಗೆ ನಾಚಿಕೆಯಾಯಿತು. ಆದರೂ ಒಳಗೆ ಏನೋ ಒಂದು ಬಗ್ಗದೆ ನಿಂತಿತ್ತು. ಕೇಳದಿದ್ದರೆ ಅದು ಅಲ್ಲೇ ಕೊಳೆಯುತ್ತದೆ ಎಂದು ಕೇಳಿಯೇಬಿಟ್ಟ.

“ಅಂವಗ ತಪ್ಪು ಹಚ್ಚಂಗಿಲ್ರಿ ಇನ್ನ. ಊರಿಗೆ ಕಳಸ್ರಿ ಅಂತಾನೂ ಅನ್ನಂಗಿಲ್ಲ. ಆದ್ರ ಅಜ್ಜಾರ, ದಿನಾ ಅವನ ನಡಿಗಿಗೆ ಇಳದು ಹಾಡಿದ್ರ ನನ್ನ ಓಟ ಹಾಳಾಗಂಗಿಲ್ಲೇನ್ರಿ?”

ಅಜ್ಜನವರು ಅವನ ಮುಖವನ್ನು ಪ್ರೀತಿಯಿಂದ ನೋಡಿದರು.

“ನಿನಗ ಕಲಿಸ್ತಾ ಇಷ್ಟು ವರ್ಷ ನಿನ್ನ ಜೋಡಿ ಹಾಡಿದೆನಲ್ಲೋ, ನನ್ನ ಓಟ ಹಾಳಾತೇನು?”

ಸಂಗನಬಸವ ಎದ್ದು ರಾಚಯ್ಯನನ್ನು ಅಭ್ಯಾಸಕ್ಕೆ ಕರೆಯಲು ಹೋದ.